ಭವಿಷ್ಯವಾಣಿಯೂ ಬೆಸುಗೆಯೂ

ಹೋಮಿ ಭಾಭಾ ಅವರು ಎರಡು ದಶಕಗಳ ಅವಧಿಯನ್ನು ಮುಂದಿಟ್ಟುಕೊಂಡು ಎರಡು ಭವಿಷ್ಯವಾಣಿಗಳನ್ನು ನುಡಿದಿದ್ದರು. ಮೊದಲನೆಯದು 1944ರ ಮಾರ್ಚ್ ತಿಂಗಳಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿದ್ದಾಗ, ಸರ್ ದೊರಾಬ್ಜಿ ಟಾಟಾ ಟ್ರಸ್ಟಿಗೆ ಬರೆದ ಪತ್ರದಲ್ಲಿದೆ: ಇನ್ನೆರಡು ದಶಕಗಳಲ್ಲಿ ಪರಮಾಣುಶಕ್ತಿಯಿಂದ ವಿದ್ಯುತ್ತು ದೊರೆಯತೊಡಗಿದಾಗ ಭಾರತವು ತಜ್ಞರಿಗಾಗಿ ಪರದೇಶಗಳ ಮುಖ ನೋಡಬೇಕಾಗದು ಎಂಬುದು ಅದರ ಆಶಯ. ಎರಡನೆಯದನ್ನು ಅವರು 1955ರ ಆಗಸ್ಟಿನಲ್ಲಿ, ಜಿನೀವಾದಲ್ಲಿ ವಿಶ್ವಸಂಸ್ಥೆಯು ಕರೆದ ಪ್ರಥಮ ಶಾಂತಿಯುತ ಪರಮಾಣುಶಕ್ತಿ ಸಮ್ಮೇಳನದ ಅಧ್ಯಕ್ಷಪೀಠದಿಂದ ಸಾರಿದರು: ಪರಮಾಣುಗಳ ಸಮ್ಮಿಲನದಿಂದ ಹೊಮ್ಮುವ ಶಕ್ತಿಯನ್ನು ಹತೋಟಿಯಲ್ಲಿಟ್ಟು ಬಳಸುವ ಉಪಾಯವು ಎರಡು ದಶಕಗಳೊಳಗೆ ಸಿದ್ಧಿಸುವುದೆಂದೂ, ಸಾಗರದ ಭಾರಜಲಜನಕವೇ ಇಂಧನವಾಗುವುದರಿಂದ ಲೋಕದ ಶಕ್ತಿದಾರಿದ್ರ್ಯವು ಶಾಶ್ವತವಾಗಿ ನೀಗುವುದೆಂದೂ.

ಮೊದಲ ಮಾತು ಬಹುಮಟ್ಟಿಗೆ ನಿಜವಾಯಿತು. 1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ಅಪ್ಸರಾ ಸ್ಥಾವರವು, ಇಂಧನವು ಬ್ರಿಟನ್ನಿನಿಂದ ಬಂದುದಾದರೂ, ನಮ್ಮವರ ಕೈಯಿಂದಲೇ ರೂಪುಗೊಂಡು ಚಾಲನೆಗೊಂಡಿತು. 1969ರಲ್ಲಿ ಮುಂಬಯಿಯ ಉತ್ತರದ ತಾರಾಪುರದಿಂದ ವಿದ್ಯುತ್ತು ಹರಿಯಿತು. ಎರಡನೆಯ ಮಾತಿನ ಅವಧಿಯು 1975ಕ್ಕೇ ಮುಗಿದರೂ, ಸಮ್ಮಿಲನದಿಂದ ಜನರ ಮನೆಗೆ ದೀಪ ಬೆಳಗಿಸುವ ಒಂದು ಸ್ಥಾವರವೂ ಭೂಮಿಯ ಮೇಲಿಲ್ಲ. ಒಂದೇ ಪ್ರತಿಭೆಯಿಂದ ಹೊರಟ ಎರಡು ಮಾತುಗಳಲ್ಲಿ ಒಂದು ಫಲಿಸಿ ಇನ್ನೊಂದು ಫಲಿಸದೆ ಹೋದುದೇಕೆ? ಇಷ್ಟು ವಿಳಂಬವನ್ನು ಸೋಲೆಂದು ಎಣಿಸಬೇಕೆ?

ಪರಮಾಣುವನ್ನು ಒಡೆಯುವ ವಿದಳನದ ದೃಷ್ಟಾಂತವು ಅಂದಿನ ವಿಜ್ಞಾನಿಗಳ ಕಣ್ಣೆದುರಿಗಿತ್ತು. 1938ರ ಅಂತ್ಯದಲ್ಲಿ ಬರ್ಲಿನ್ನಿನಲ್ಲಿ ಗೋಚರಿಸಿದ ಆ ವಿದ್ಯಮಾನವು 1942ರ ಡಿಸೆಂಬರಿನಲ್ಲಿ ಶಿಕಾಗೊ ನಗರದಲ್ಲಿ ಸ್ವಯಂಚಾಲಿತ ಸರಣಿಯಾಗಿ ನಡೆದುಬಿಟ್ಟಿತು. ಆದರೆ ವಿದ್ಯುದಂಶವಿಲ್ಲದ ನ್ಯೂಟ್ರಾನ್ ಯುರೇನಿಯಮ್ಮಿನ ಒಳಗೆ ತಡೆಯಿಲ್ಲದೆ ನುಗ್ಗಬಲ್ಲದು. ಜಲಜನಕದ ಭಾರರೂಪಗಳಾದ ಡ್ಯೂಟೀರಿಯಂ ಮತ್ತು ಟ್ರಿಟಿಯಂ ನ್ಯೂಕ್ಲಿಯಸ್ಸುಗಳಾದರೋ ಪರಸ್ಪರ ವಿಕರ್ಷಿಸುವುದರಿಂದ, ಅವನ್ನು ಒಂದುಗೂಡಿಸಲು ಹದಿನೈದು ಕೋಟಿ ಡಿಗ್ರಿಗಳಷ್ಟು ತಾಪವೂ, ಆ ತಾಪವನ್ನು ಯಾವ ಗೋಡೆಗೂ ಸೋಕಿಸದೆ ತಡೆದು ನಿಲ್ಲಿಸುವ ಕಾಂತಕ್ಷೇತ್ರವೂ, ಸುತ್ತಲೂ ನಿರ್ವಾತವೂ ಬೇಕು. ತತ್ತ್ವವು 1955ರಲ್ಲಿಯೇ ತಿಳಿದಿತ್ತು. ಅದಕ್ಕೆ ತಕ್ಕ ಲೋಹವಾಗಲಿ, ಕಾಂತವಾಗಲಿ, ಅವನ್ನು ಕಟ್ಟುವ ಕೈಗಳಾಗಲಿ ಇರಲಿಲ್ಲ. ಶಿಲ್ಪವು ಸಿದ್ಧಾಂತವನ್ನು ತಾನಾಗಿ ಹಿಂಬಾಲಿಸುವುದೆಂಬ ನಂಬಿಕೆಯೇ ಆ ಗಣನೆಯ ದೋಷವೆಂದು ನನ್ನ ಅಭಿಪ್ರಾಯ.

ಈ ಮಾತಿಗೆ ನಿದರ್ಶನವನ್ನು ದೂರ ಹುಡುಕಬೇಕಾಗಿಲ್ಲ. ಫ್ರಾನ್ಸಿನ ಕಾದರಾಶ್‌ನಲ್ಲಿ ಭಾರತವೂ ಸೇರಿದಂತೆ ಹಲವು ರಾಷ್ಟ್ರಗಳು ಕೂಡಿ ಕಟ್ಟುತ್ತಿರುವ ಇಟರ್ ಎಂಬ ಸಮ್ಮಿಲನ ಯಂತ್ರವನ್ನು ಹೊರಗಿನಿಂದ ಆವರಿಸುವ ಮಹಾಪಾತ್ರೆ, ಕ್ರಯೋಸ್ಟಾಟ್, ನಮ್ಮ ದೇಶದ ಕೊಡುಗೆ. 1938ರಲ್ಲಿ ಇಬ್ಬರು ಡೇನಿಷ್ ಎಂಜಿನಿಯರುಗಳು ಮುಂಬಯಿಯಲ್ಲಿ ಆರಂಭಿಸಿದ ಲಾರ್ಸೆನ್ ಅಂಡ್ ಟೂಬ್ರೊ ಸಂಸ್ಥೆಯು ಸೂರತ್ತಿನ ಬಳಿಯ ಹಜೀರಾದಲ್ಲಿ ಅದನ್ನು ನಿರ್ಮಿಸಿತು. ಎತ್ತರವೂ ಅಗಲವೂ ಸುಮಾರು 29 ಮೀಟರ್, ತೂಕ 3,850 ಟನ್. ಒಳಗೆ ಹದಿನೈದು ಕೋಟಿ ಡಿಗ್ರಿಯ ಪ್ಲಾಸ್ಮಾ, ಅದರಿಂದ ಕೆಲವೇ ಮೀಟರುಗಳಾಚೆ ಶೂನ್ಯಕ್ಕಿಂತ 269 ಡಿಗ್ರಿ ಕೆಳಗಿನ ಶೈತ್ಯದಲ್ಲಿರಬೇಕಾದ ಅತಿವಾಹಕ ಕಾಂತಗಳು. ಹೊರಗಿನ ವಾಯುವು ಈ ಶೈತ್ಯವನ್ನು ಕೆಡಿಸದಂತೆ ಕಾಯುವ ಉಕ್ಕಿನ ಪಾತ್ರೆಯಲ್ಲಿ ಕೂದಲೆಳೆಯಷ್ಟು ರಂಧ್ರವನ್ನೂ ಸಹಿಸಲಾಗದು. 54 ಭಾಗಗಳಾಗಿ ಸಮುದ್ರಮಾರ್ಗದಲ್ಲಿ ಸಾಗಿದ ಅದು ಅಲ್ಲಿ ಬೆಸೆಯಲ್ಪಟ್ಟು, 1,250 ಟನ್ನಿನ ತಳಭಾಗವು 2020ರ ಮೇ ತಿಂಗಳಲ್ಲಿ ಸ್ವಸ್ಥಾನದಲ್ಲಿ ಕುಳಿತಿತು. ಬೆಸುಗೆಗಾರನ ಕೈಯೂ ಪರೀಕ್ಷಕನ ಕಣ್ಣೂ ಇಲ್ಲಿ ವಿಜ್ಞಾನಿಯ ಸಮೀಕರಣದಷ್ಟೇ ನಿರ್ಣಾಯಕವಾದವು.

ಅದೇ ಯಂತ್ರದ ಶಾಖಾವರಣದ ಶೀತಕ ನಳಿಗೆಗಳಲ್ಲಿ, ತಯಾರಿಕೆಯಲ್ಲಿ ಉಳಿದುಹೋದ ಕ್ಲೋರಿನ್ನಿನಿಂದ ಬಿರುಕು ಬಿಟ್ಟುದು 2022ರಲ್ಲಿ ಪ್ರಕಟವಾಯಿತು. 2024ರಲ್ಲಿ ಕಾಲಪಟ್ಟಿಯನ್ನು ಪರಿಷ್ಕರಿಸಿ, ಪ್ರಯೋಗಗಳ ಆರಂಭವನ್ನು 2034ಕ್ಕೂ, ಡ್ಯೂಟೀರಿಯಂ-ಟ್ರಿಟಿಯಂ ಪ್ರಯೋಗವನ್ನು 2039ಕ್ಕೂ ಮುಂದೂಡಲಾಯಿತು. ಇದನ್ನು ಕಂಡು ನಗುವವರು ಒಂದು ಸಂಗತಿಯನ್ನು ಗಮನಿಸಬೇಕು: ನ್ಯೂಟ್ರಾನುಗಳ ಹೊಡೆತದಿಂದ ಯಂತ್ರದ ಒಡಲು ವಿಕಿರಣಶೀಲವಾದ ಮೇಲೆ ಮನುಷ್ಯನು ಒಳಹೊಕ್ಕು ದುರಸ್ತಿ ಮಾಡುವಂತಿಲ್ಲ. ಮುಚ್ಚುವ ಮೊದಲೇ ಬಿರುಕನ್ನು ಕಂಡುಹಿಡಿದು ಬಿಚ್ಚಿ ಸರಿಪಡಿಸುವುದು ನನ್ನ ದೃಷ್ಟಿಯಲ್ಲಿ ಪ್ರಗತಿಯೇ ಹೌದು.

ಹಾಗೆಂದು ವಿಜಯಘೋಷಗಳನ್ನು ಕಣ್ಣುಮುಚ್ಚಿ ಒಪ್ಪಬೇಕಾಗಿಲ್ಲ. 2022ರ ಡಿಸೆಂಬರ್ 5ರಂದು ಕ್ಯಾಲಿಫೋರ್ನಿಯದಲ್ಲಿ 2.05 ಮೆಗಾಜೂಲ್ ಲೇಸರ್ ಬೆಳಕಿನಿಂದ 3.15 ಮೆಗಾಜೂಲ್ ಶಕ್ತಿ ಹೊಮ್ಮಿದುದು ಭೌತಶಾಸ್ತ್ರದ ಮಹತ್ಸಾಧನೆ. ಆದರೆ ಆ ಲೇಸರುಗಳು ವಿದ್ಯುಜ್ಜಾಲದಿಂದ ಸೆಳೆದುದು ಸುಮಾರು 300 ಮೆಗಾಜೂಲ್. 2021ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ 20 ಟೆಸ್ಲಾ ಬಲವನ್ನು ಮುಟ್ಟಿದ ನೂತನ ಅತಿವಾಹಕ ಕಾಂತದಿಂದ ಯಂತ್ರದ ಗಾತ್ರ ತಗ್ಗಬಹುದು, ಆದರೆ ಗಾತ್ರ ತಗ್ಗಿದಷ್ಟೂ ಗೋಡೆಯ ಮೇಲಿನ ತಾಪದ ಭಾರ ಹೆಚ್ಚುವುದು. ಅರ್ಧಾಯುಷ್ಯವು ಕೇವಲ 12.3 ವರ್ಷಗಳಾದ ಟ್ರಿಟಿಯಮ್ಮನ್ನು ಯಂತ್ರವೇ ಲಿಥಿಯಮ್ಮಿನಿಂದ ತನಗೆ ಬೇಕಾದಷ್ಟು ಉತ್ಪಾದಿಸಿಕೊಳ್ಳಬೇಕು. ಅದನ್ನು ಈವರೆಗೆ ಯಾರೂ ಸಾಧಿಸಿಲ್ಲ.

ಆದಕಾರಣ ಜಿನೀವಾದ ಭಾಷಣಕ್ಕಿಂತ ಬೆಂಗಳೂರಿನ ಪತ್ರವೇ ನಮಗೆ ಇಂದು ಹೆಚ್ಚು ಪ್ರಯೋಜನಕಾರಿ. ಆ ಪತ್ರವು ಅವಧಿಯನ್ನು ಹೇಳಿದರೂ, ಬೇಡಿದ್ದು ಜನರನ್ನು ಸಿದ್ಧಗೊಳಿಸುವ ಶಾಲೆಯನ್ನು. ಆ ಶಾಲೆ ಹುಟ್ಟಿದುದರಿಂದಲೇ ಟ್ರಾಂಬೆಗೆ ಜನ ದೊರೆತರು. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯು 1989ರಿಂದ ಆದಿತ್ಯ ಯಂತ್ರವನ್ನು ನಡೆಸಿ, 2013ರಲ್ಲಿ ಅತಿವಾಹಕ ಕಾಂತಗಳ ಎಸ್‌ಎಸ್‌ಟಿ-1ರಲ್ಲಿ ಪ್ಲಾಸ್ಮಾವನ್ನು ಪಡೆದಿದೆ. ಇಂಥ ಸಂಸ್ಥೆಗಳಿಗೆ ಹಣ ಒದಗಿಸುವವರು, ವಿದ್ಯುತ್ತು ಯಾವ ವರ್ಷ ಬರುವುದೆಂದು ಪೀಡಿಸುವುದನ್ನು ಬಿಟ್ಟು, ಲೋಹಶಾಸ್ತ್ರ, ಶೈತ್ಯತಂತ್ರ, ಟ್ರಿಟಿಯಂ, ಬೆಸುಗೆ ಇವುಗಳಲ್ಲಿ ಈ ವರ್ಷ ಎಷ್ಟು ಮಂದಿ ನುರಿತರೆಂದು ಕೇಳಲಿ. ಕೇಳಿ, ಅದಕ್ಕೆ ಬೇಕಾದ ಹಣವನ್ನು ತಡೆಯಿಲ್ಲದೆ ಕೊಡಲಿ.