ಕುಂಟುವ ಕುದುರೆ ಮತ್ತು ಧರ್ಮಪ್ರಭಾವನೆ

ಇಪ್ಪತ್ತೆರಡನೆಯ ತೀರ್ಥಂಕರರಾದ ನೇಮಿನಾಥಸ್ವಾಮಿಯ ಚರಿತೆಯನ್ನು ಅರಿಯದ ಜೈನ ಮನೆತನವಿಲ್ಲ. ವಿವಾಹಕ್ಕೆಂದು ಹೊರಟ ನೇಮಿಕುಮಾರನು ದಾರಿಯಲ್ಲಿ ಕೂಡಿಹಾಕಿದ್ದ ಪ್ರಾಣಿಗಳ ಆಕ್ರಂದನವನ್ನು ಕೇಳಿದನು, ಸಾರಥಿಯನ್ನು ವಿಚಾರಿಸಿದನು, ತನ್ನ ಮದುವೆಯ ನಿಮಿತ್ತವೇ ಅವು ವಧೆಯಾಗಲಿವೆ ಎಂದು ತಿಳಿದೊಡನೆ ರಥವನ್ನು ಹಿಂದಿರುಗಿಸಿ ಗಿರನಾರದ ಹಾದಿ ಹಿಡಿದನು. ಆ ಪ್ರಾಣಿಗಳನ್ನು ಕಟ್ಟಿಹಾಕಿದವನು ನೇಮಿಕುಮಾರನಲ್ಲ, ಕೊಲ್ಲಲಿದ್ದವನೂ ಅವನಲ್ಲ. ಇದು ತನ್ನ ಹೊಣೆಯಲ್ಲವೆಂದು ಮುಂದೆ ಸಾಗಲು ಅವನಿಗೆ ಅವಕಾಶವಿತ್ತು. ಆದರೂ ಅವನು ವಿಚಾರಿಸಿದನು. ಈ ವಿಚಾರಣೆಯನ್ನೇ ಇಂದಿನ ಶ್ರಾವಕ ಸಮಾಜವು ಮರೆತಂತಿದೆ.

ಮದುವೆಯ ದಿಬ್ಬಣದಲ್ಲಿ ವರನನ್ನು, ಪಂಚಕಲ್ಯಾಣ ಮಹೋತ್ಸವದ ಮೆರವಣಿಗೆಯಲ್ಲಿ ಇಂದ್ರನ ಪಾತ್ರ ವಹಿಸಿದ ದಾನಿಯನ್ನು, ಮಹಾವೀರ ಜಯಂತಿಯಂದು ಧ್ವಜ ಹಿಡಿದ ಬಾಲಕರನ್ನು ಬಾಡಿಗೆಯ ಕುದುರೆಗಳ ಮೇಲೆ, ಬಾಡಿಗೆಯ ಸಾರೋಟುಗಳಲ್ಲಿ ಕೂರಿಸುವ ವಾಡಿಕೆ ಅನೇಕ ಊರುಗಳಲ್ಲಿದೆ. ಕುದುರೆಗೆ ತೊಡಿಸಿದ ಜರಿಯ ಹೊದಿಕೆಯನ್ನು ಎಲ್ಲರೂ ನೋಡುತ್ತಾರೆ. ಅದರ ಕಾಲನ್ನು ನೋಡುವವರು ವಿರಳ. ಅದು ಮುಂಗಾಲೊಂದನ್ನು ಊರಲಾರದೆ ಪ್ರತಿ ಹೆಜ್ಜೆಗೂ ತಲೆಯನ್ನು ಮೇಲಕ್ಕೆತ್ತುತ್ತಿದ್ದರೆ, ವಾದ್ಯದ ಲಯಕ್ಕೆ ಕುದುರೆ ಕುಣಿಯುತ್ತಿದೆ ಎಂದು ಮಕ್ಕಳಿಗೆ ತೋರಿಸಿ ಸಂತೋಷಪಡುವವರೂ ಇದ್ದಾರೆ. ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತಕ್ಕೆ ಮೊದಲೇ ಉಣ್ಣುವ ಜನರು ಪಂಚೇಂದ್ರಿಯ ಜೀವಿಯೊಂದರ ನೋವನ್ನು ನೃತ್ಯವೆಂದು ಭ್ರಮಿಸುವುದು ಲಜ್ಜಾಸ್ಪದ ಸಂಗತಿ.

ಈ ಮಾತಿಗೆ ಸಿದ್ಧ ಉತ್ತರವೊಂದಿದೆ. ಕುದುರೆ ಅದರ ಒಡೆಯನದು. ಅದರ ಆರೈಕೆಯ ಹೊಣೆ, ಅದರ ಪಾಪ ಎರಡೂ ಅವನದು. ಟ್ರಸ್ಟು ಕೊಡುವುದು ಬಾಡಿಗೆ ಮಾತ್ರ ಎಂಬುದೇ ಆ ಉತ್ತರ. ವ್ಯಾಪಾರದ ಲೆಕ್ಕದಲ್ಲಿ ಇದು ಸರಿಯೆಂದು ಕಾಣಬಹುದು. ಕರ್ಮಸಿದ್ಧಾಂತದ ಲೆಕ್ಕದಲ್ಲಿ ನಿಲ್ಲುವುದಿಲ್ಲ. ಕೃತ, ಕಾರಿತ, ಅನುಮೋದನ ಎಂದು ಮೂರು ಬಗೆಯಿಂದಲೂ ಹಿಂಸೆಯನ್ನು ಪರಿಗಣಿಸಿದ ಧರ್ಮವಿದು. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವು ಶ್ರಾವಕನಿಗೆ ವರ್ಜ್ಯವಾದ 15 ಕರ್ಮಾದಾನಗಳಲ್ಲಿ ಭಾಟಕಕರ್ಮವನ್ನು, ಎಂದರೆ ಪಶುಗಳನ್ನೂ ಗಾಡಿಗಳನ್ನೂ ಬಾಡಿಗೆಗೆ ಹಚ್ಚಿ ಜೀವಿಸುವುದನ್ನು ಸೇರಿಸಿದೆ. ತಾನು ಮಾಡಬಾರದ ವೃತ್ತಿಯನ್ನು ಅನ್ಯರಿಂದ ಮಾಡಿಸಿ, ಅದರ ವೈಭವವನ್ನು ತಾನು ಅನುಭವಿಸಿ, ದೋಷವನ್ನು ಮಾತ್ರ ಆ ಬಡವನ ಖಾತೆಗೆ ಬರೆಯುವುದು ಪ್ರಾಮಾಣಿಕ ಲೆಕ್ಕವಲ್ಲ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಈ ಐದನ್ನೂ ಬಾಡಿಗೆಯ ಕುದುರೆಯ ಒಂದು ದಿನದ ಬದುಕಿಗೆ ಹಚ್ಚಿ ನೋಡಬಹುದು. ತಿರುಗಾಡಲು ಬಿಡದೆ ಗಿಡ್ಡ ಹಗ್ಗದಲ್ಲಿ ದಿನವೆಲ್ಲ ಕಟ್ಟಿಡುವುದು ಬಂಧ. ಚಾವಟಿಯ ಏಟು ವಧ, ಏಕೆಂದರೆ ಇಲ್ಲಿ ಆ ಶಬ್ದಕ್ಕೆ ಹೊಡೆಯುವುದೆಂದೇ ಅರ್ಥ. ಮುಳ್ಳಿನ ಕಡಿವಾಣದಿಂದ ನಾಲಿಗೆ ಮತ್ತು ಕಟಬಾಯಿ ಹರಿಯುವುದು ಛೇದ. ನೋಯುವ ಕಾಲಿನ ಪ್ರಾಣಿಯ ಬೆನ್ನಿಗೆ ಯಾವ ಭಾರವೂ ಅತಿಭಾರವೇ. ಮೆರವಣಿಗೆಯ ನಡುವೆ ಗಲೀಜಾಗಬಾರದೆಂದು ಬೆಳಗಿನಿಂದ ನೀರು ಮೇವು ಕೊಡದಿರುವುದು ಅನ್ನಪಾನನಿರೋಧ. ಕುದುರೆಯೊಂದಕ್ಕೆ ದಿನಕ್ಕೆ ಸುಮಾರು 25ರಿಂದ 45 ಲೀಟರು ನೀರು ಬೇಕು. ಬಿಸಿಲಿನಲ್ಲಿ ದುಡಿದರೆ ಇನ್ನೂ ಹೆಚ್ಚು. ಅದರ ಜಠರ ಚಿಕ್ಕದು. ಹುಲ್ಲನ್ನು ಸ್ವಲ್ಪಸ್ವಲ್ಪವಾಗಿ ದಿನವಿಡೀ ಮೇಯುವುದಕ್ಕೆಂದೇ ರಚಿತವಾದುದು. ದೀರ್ಘಕಾಲ ಹಸಿವಿನಲ್ಲಿಟ್ಟು ಬಳಿಕ ಒಮ್ಮೆಲೇ ಧಾನ್ಯ ಸುರಿದರೆ ಹೊಟ್ಟೆಶೂಲೆ ಬರುತ್ತದೆ. ವಾಂತಿ ಮಾಡಿಕೊಳ್ಳಲಾರದ ಈ ಪ್ರಾಣಿಗೆ ಆ ಶೂಲೆ ಪ್ರಾಣಾಂತಿಕವಾಗಬಲ್ಲದು.

ಕುಂಟುವಿಕೆಯನ್ನು ಗುರುತಿಸಲು ಪಶುವೈದ್ಯನೇ ಬೇಕೆಂದಿಲ್ಲ. ರೋಗವನ್ನು ನಿರ್ಣಯಿಸಲು ಬೇಕು. ಕುದುರೆಯ ದೇಹಭಾರದಲ್ಲಿ ಸುಮಾರು ಶೇಕಡಾ 60 ಮುಂಗಾಲುಗಳ ಮೇಲೆ ಬೀಳುತ್ತದೆ. ಆದುದರಿಂದ ಕುಂಟುವಿಕೆ ಹೆಚ್ಚಾಗಿ ಮುಂಗಾಲುಗಳಲ್ಲಿ, ಅದರಲ್ಲೂ ಗೊರಸಿನಲ್ಲಿ ತೋರುತ್ತದೆ. ಕುದುರೆಯನ್ನು ಗಟ್ಟಿ ನೆಲದ ಮೇಲೆ ಹಗ್ಗ ಸಡಿಲ ಬಿಟ್ಟು ಮೊದಲು ನಡೆಸಿ, ಅನಂತರ ಸಣ್ಣ ಓಟದಲ್ಲಿ ಓಡಿಸಿ ನೋಡಬೇಕು. ಮುಂಗಾಲು ನೋಯುತ್ತಿದ್ದರೆ ಆ ಕಾಲು ನೆಲಕ್ಕೆ ತಾಗಿದಾಗ ತಲೆ ಮೇಲೇರುತ್ತದೆ; ಸ್ವಸ್ಥವಾದ ಕಾಲು ತಾಗಿದಾಗ ಕೆಳಗಿಳಿಯುತ್ತದೆ. ಹಿಂಗಾಲು ನೋಯುತ್ತಿದ್ದರೆ ಆ ಬದಿಯ ಸೊಂಟ ಇನ್ನೊಂದಕ್ಕಿಂತ ಹೆಚ್ಚು ಏರಿಳಿಯುತ್ತದೆ. ನಾಲ್ಕು ಗೊರಸುಗಳನ್ನೂ ಕೈಯಿಂದ ಮುಟ್ಟಿ ಯಾವುದಾದರೂ ಒಂದು ಉಳಿದವುಗಳಿಗಿಂತ ಬಿಸಿಯಾಗಿದೆಯೇ ಎಂದು ತಿಳಿಯಬಹುದು. ಇಷ್ಟಕ್ಕೆ ಐದು ನಿಮಿಷ ಸಾಕು. ಕಲ್ಯಾಣಮಂಟಪದ ಅಲಂಕಾರವನ್ನು ಪರೀಕ್ಷಿಸಲು ಗಂಟೆಗಟ್ಟಲೆ ನಿಲ್ಲುವ ಮನೆಯ ಯಜಮಾನನಿಗೆ ಈ ಐದು ನಿಮಿಷ ದೊರೆಯದಿರುವುದು ಕಾಲದ ಅಭಾವದಿಂದಲ್ಲ, ಪ್ರಮಾದದಿಂದ.

ಈ ಪರೀಕ್ಷೆಯನ್ನು ತಪ್ಪಿಸುವ ಉಪಾಯವೂ ಇದೆ. ಫಿನೈಲ್‌ಬ್ಯುಟಜೋನ್‌ನಂತಹ ನೋವುನಿವಾರಕವನ್ನು ಕೊಟ್ಟರೆ ಕುಂಟುವ ಕುದುರೆ ಕೆಲವು ಗಂಟೆಗಳ ಮಟ್ಟಿಗೆ ನೆಟ್ಟಗೆ ನಡೆಯುತ್ತದೆ. ವೈದ್ಯನು ವಿಶ್ರಾಂತಿಯೊಡನೆ ಕೊಟ್ಟಾಗ ಅದು ಔಷಧ. ಮೆರವಣಿಗೆಗಾಗಿ ಕೊಟ್ಟಾಗ ಅದು ವಂಚನೆ. ನೋವು ತಿಳಿಯದ ಪ್ರಾಣಿ ಗಾಯಗೊಂಡ ಕಾಲಿನ ಮೇಲೆ ಪೂರ್ಣ ಭಾರ ಹಾಕುತ್ತದೆ. ಮರುದಿನ ಗಾಯ ಮತ್ತಷ್ಟು ಆಳವಾಗಿರುತ್ತದೆ. ಅಲ್ಲಿ ಹಿಂಸೆಯ ಜೊತೆಗೆ ಅಸತ್ಯವೂ ಸೇರಿತು.

ಇನ್ನು ದಯೆಯ ಹೆಸರಿನಲ್ಲಿ ನಡೆಯುವ ಅಪಾಯದ ವಿಚಾರ. ಮೆರವಣಿಗೆ ಮುಗಿದ ಮೇಲೆ ಭಕ್ತರು ಪುಣ್ಯವೆಂದು ಭಾವಿಸಿ ಕುದುರೆಗೆ ಬೆಲ್ಲ, ಲಾಡು, ಅನ್ನ, ನೆನೆಸಿದ ಕಡಲೆಯನ್ನು ಬುಟ್ಟಿಗಟ್ಟಲೆ ತಿನ್ನಿಸುತ್ತಾರೆ. ರೂಢಿಯಿಲ್ಲದ ಪಿಷ್ಟ ಮತ್ತು ಸಕ್ಕರೆ ಒಮ್ಮೆಲೇ ಕರುಳಿಗಿಳಿದರೆ ಅಲ್ಲಿ ಹುಳಿಯೇರಿ ವಿಷಪದಾರ್ಥಗಳು ರಕ್ತಕ್ಕೆ ಸೇರುತ್ತವೆ. ಗೊರಸಿನ ಒಳಗೋಡೆಯನ್ನು ಎಲುಬಿಗೆ ಬಂಧಿಸಿದ ಸೂಕ್ಷ್ಮ ಪದರಗಳು ಬಾತು ಸಡಿಲಗೊಳ್ಳುತ್ತವೆ. ಇದನ್ನು ಪಶುವೈದ್ಯರು ಲ್ಯಾಮಿನೈಟಿಸ್ ಎನ್ನುತ್ತಾರೆ. ಇದಕ್ಕೆ ಗುರಿಯಾದ ಕುದುರೆ ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಭಾರವನ್ನು ಹಿಂದಕ್ಕೆ ಒರಗಿಸಿ ನಿಲ್ಲುತ್ತದೆ, ತಿರುಗಲು ಹಿಂಜರಿಯುತ್ತದೆ. ರೋಗ ಉಲ್ಬಣಿಸಿದರೆ ಎಲುಬು ಜಾರಿ ಗೊರಸಿನ ತಳವನ್ನೇ ಭೇದಿಸಬಹುದು. ಪಾತ್ರ, ದ್ರವ್ಯ, ವಿಧಿಗಳನ್ನು ವಿಚಾರಿಸಿ ದಾನ ಮಾಡಬೇಕೆಂದು ಆಚಾರ್ಯರು ಬೋಧಿಸಿದ್ದು ಸುಮ್ಮನೆ ಅಲ್ಲ. ಕುದುರೆಗೆ ಒಳ್ಳೆಯ ದಾನವೆಂದರೆ ಶುಚಿಯಾದ ಒಣಹುಲ್ಲು, ತಣ್ಣೀರು, ನೆರಳು ಮತ್ತು ವಿಶ್ರಾಂತಿ.

ನಿತ್ಯದ ಆರೈಕೆಯೂ ಕಠಿಣವಾದುದಲ್ಲ, ಆದರೆ ತಪ್ಪದೆ ನಡೆಯಬೇಕು. ಗೊರಸಿನ ತಳದ ಕಲ್ಲು, ಕೊಳೆಗಳನ್ನು ಪ್ರತಿದಿನ ತೆಗೆಯಬೇಕು. ತೇವದ ಲಾಯದಲ್ಲಿ ಸಗಣಿಯ ಮೇಲೆ ನಿಂತ ಕುದುರೆಯ ಗೊರಸಿನ ಮಧ್ಯದ ಮೆತ್ತನೆಯ ಭಾಗ ಕೊಳೆತು ದುರ್ಗಂಧ ಬೀರುತ್ತದೆ. ಗೊರಸು ಉಗುರಿನಂತೆ ಬೆಳೆಯುವುದರಿಂದ ಆರರಿಂದ ಎಂಟು ವಾರಗಳಿಗೊಮ್ಮೆ ಅದನ್ನು ಸಮಮಾಡಿ ಲಾಳವನ್ನು ಹೊಸದಾಗಿ ಕಟ್ಟಬೇಕು. ಸಣ್ಣ ಗಾಯದಿಂದಲೂ ಧನುರ್ವಾಯು ತಗಲುವ ಸಂಭವ ಕುದುರೆಗೆ ಹೆಚ್ಚಾದುದರಿಂದ ಅದರ ಲಸಿಕೆ ಅವಶ್ಯ. ಹಲ್ಲುಗಳ ಅಂಚು ಚೂಪಾಗಿ ಕೆನ್ನೆಯನ್ನು ಕೊರೆಯುತ್ತದೆ. ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಿ ಅರೆಯಬೇಕು.

ಇದಕ್ಕೆಲ್ಲ ಹಣ ಬೇಕು. ಮೂಲ ಪ್ರಶ್ನೆ ಇರುವುದು ಇಲ್ಲಿಯೇ. ಬಾಡಿಗೆಯ ಕುದುರೆಯ ಒಡೆಯನಿಗೆ ಗಳಿಕೆ ಮದುವೆ ಮತ್ತು ಉತ್ಸವಗಳ ತಿಂಗಳುಗಳಲ್ಲಿ ಮಾತ್ರ; ಕುದುರೆಯ ಹೊಟ್ಟೆಗಾದರೋ ಹನ್ನೆರಡು ತಿಂಗಳೂ ಮೇವು ಬೇಕು. ಟ್ರಸ್ಟಿನವರು ನಾಲ್ವರನ್ನು ಕರೆಸಿ, ಚೌಕಾಸಿ ಮಾಡಿ, ಎಲ್ಲರಿಗಿಂತ ಕಡಿಮೆ ಕೇಳಿದವನಿಗೆ ಕೆಲಸ ಕೊಡುತ್ತಾರೆ. ಅಗ್ಗದಲ್ಲಿ ಮುಗಿಸಿದೆವೆಂದು ಸಭೆಯಲ್ಲಿ ಹೇಳಿಕೊಳ್ಳುತ್ತಾರೆ. ಆ ಉಳಿತಾಯವಾದುದು ಎಲ್ಲಿಂದ? ಲಾಳದಿಂದ, ಲಸಿಕೆಯಿಂದ, ವಿಶ್ರಾಂತಿಯ ದಿನಗಳಿಂದ. ಕುದುರೆ ಕುಂಟುತ್ತಿದೆಯೆಂದು ಒಡೆಯನೇ ಒಪ್ಪಿಕೊಂಡರೆ ಆ ದಿನದ ಗಳಿಕೆ ಹೋಗುತ್ತದೆ. ಆದುದರಿಂದ ಅವನು ಮುಚ್ಚಿಡುತ್ತಾನೆ. ಅವನನ್ನು ನಿಂದಿಸುವವರು, ಅವನು ನಿಜ ನುಡಿದರೆ ನಷ್ಟವಾಗುವಂತೆ ವ್ಯವಹಾರವನ್ನು ಕಟ್ಟಿದವರು ಯಾರೆಂಬುದನ್ನು ಮೊದಲು ಯೋಚಿಸಬೇಕು.

ಕುದುರೆಯನ್ನೇ ಬಿಟ್ಟರಾಯಿತು, ಮೆರವಣಿಗೆ ಕಾಲ್ನಡಿಗೆಯಲ್ಲಿ ನಡೆಯಲಿ ಎಂಬುದು ಇನ್ನೊಂದು ಪಕ್ಷ. ಇದು ಗೌರವಾರ್ಹವಾದ ಪಕ್ಷ. ಅವಶ್ಯಕತೆಯಿಲ್ಲದೆ ಕೇವಲ ಶೋಭೆಗಾಗಿ ಜೀವಿಗೆ ಕ್ಲೇಶ ಕೊಡುವುದು ಅನರ್ಥದಂಡವೇ ಸರಿ. ಕಾಲ್ನಡಿಗೆಯಿಂದ ಯಾವ ತೀರ್ಥಂಕರರ ಮಹಿಮೆಯೂ ಕುಂದದು. ಆದರೆ ಇಷ್ಟಕ್ಕೇ ಕೈ ತೊಳೆದುಕೊಂಡರೆ ಧರ್ಮ ಪೂರ್ಣವಾಗದು. ಮುಂಬಯಿಯಲ್ಲಿ ವಿಹಾರಕ್ಕಾಗಿ ಓಡುತ್ತಿದ್ದ ಕುದುರೆ ಸಾರೋಟುಗಳನ್ನು ಅಲ್ಲಿನ ಉಚ್ಚ ನ್ಯಾಯಾಲಯವು 2015ರಲ್ಲಿ ಕಾನೂನುಬಾಹಿರವೆಂದು ಘೋಷಿಸಿದಾಗ, ಕುದುರೆಗಳ ಮತ್ತು ಅವುಗಳನ್ನು ನಂಬಿದ ಕುಟುಂಬಗಳ ಪುನರ್ವಸತಿಯ ಪ್ರಶ್ನೆಯೂ ಜೊತೆಯಲ್ಲೇ ಎದ್ದಿತು. ದುಡಿಮೆ ನಿಂತ ಕುದುರೆಗೆ ಮೇವು ನಿಲ್ಲಬಾರದು. ಆದುದರಿಂದ ಕುದುರೆಯನ್ನು ತ್ಯಜಿಸುವ ಟ್ರಸ್ಟು ಆ ಬಾಡಿಗೆಯ ಹಣವನ್ನು ಊರಿನ ಕುದುರೆಗಳ ಚಿಕಿತ್ಸೆಗೆ ಮೀಸಲಿಡಲಿ. ಆಗ ಅದು ತ್ಯಾಗ. ಅಲ್ಲವಾದರೆ ಅದು ಖರ್ಚಿನ ಕಡಿತ.

ಪಿಂಜರಾಪೋಳಗಳ ವಿಷಯದಲ್ಲಿಯೂ ಇದೇ ವಿವೇಕ ಬೇಕು. ಕೊಲ್ಲುವುದಿಲ್ಲ ಎಂಬ ಸಂಕಲ್ಪ ಅಚಲವಾಗಿರಲಿ. ಆದರೆ ಎಲುಬು ಜಾರಿದ ಕುದುರೆಯನ್ನು ಮೂಲೆಯಲ್ಲಿ ಮಲಗಿಸಿ ಅದರ ಆಯುಷ್ಯ ತೀರುವುದನ್ನು ಕಾಯುವುದರಿಂದ ದಯೆ ಸಿದ್ಧಿಸುವುದಿಲ್ಲ. ಮೆತ್ತನೆಯ ಹಾಸು, ಹುಣ್ಣಾಗದಂತೆ ಮಗ್ಗುಲು ಬದಲಿಸುವ ಜನ, ವೈದ್ಯನು ಹೇಳಿದ ಪ್ರಮಾಣದಲ್ಲಿ ನೋವಿನ ಔಷಧ, ಇವುಗಳನ್ನು ಒದಗಿಸಲಾಗದ ಸಂಸ್ಥೆಯು ಪ್ರಾಣಿಯನ್ನು ಸ್ವೀಕರಿಸುವ ಮುನ್ನ ತನ್ನ ಶಕ್ತಿಯನ್ನು ಅಳೆದುಕೊಳ್ಳಬೇಕು.

ದೇಶದ ಕಾನೂನೂ ಮೌನವಾಗಿಲ್ಲ. 1960ರ ಪ್ರಾಣಿಹಿಂಸೆ ತಡೆ ಅಧಿನಿಯಮದ 11ನೆಯ ಪ್ರಕರಣವು ರೋಗ, ಗಾಯ, ದೌರ್ಬಲ್ಯಗಳಿಂದ ಅಸಮರ್ಥವಾದ ಪ್ರಾಣಿಯನ್ನು ದುಡಿಸುವುದನ್ನು ಅಪರಾಧವೆಂದಿದೆ. ಎಳೆಯುವ ಮತ್ತು ಹೊರುವ ಪ್ರಾಣಿಗಳಿಗೆ ಅನ್ವಯಿಸುವ 1965ರ ನಿಯಮಗಳು ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸಬಾರದೆನ್ನುತ್ತವೆ. ಉಷ್ಣತೆ 37 ಡಿಗ್ರಿ ಸೆಲ್ಸಿಯಸ್ ಮೀರುವ ಪ್ರದೇಶದಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸುವುದನ್ನೂ ಮುಳ್ಳಿನ ಕಡಿವಾಣವನ್ನೂ ನಿಷೇಧಿಸುತ್ತವೆ. ಮಹಾವೀರ ಜಯಂತಿ ಬರುವುದು ಚೈತ್ರದಲ್ಲಿ. ಕಲಬುರಗಿ, ರಾಯಚೂರುಗಳ ಚೈತ್ರದ ಬಿಸಿಲನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಮೇಲಿನ ಪ್ರಕರಣದ ಮೊದಲ ಅಪರಾಧಕ್ಕೆ ಅಧಿನಿಯಮವು ಬರೆದಿಟ್ಟ ದಂಡ 10ರಿಂದ 50 ರೂಪಾಯಿ. ಈ ದಂಡಕ್ಕೆ ಯಾರೂ ಹೆದರುವುದಿಲ್ಲ. ವ್ರತವನ್ನು ಸ್ವೀಕರಿಸಿದವನು ದಂಡಕ್ಕೆ ಹೆದರಿ ನಡೆಯಬೇಕಾದವನೂ ಅಲ್ಲ.

ಕನ್ನಡನಾಡಿನ ಜೈನರಿಗೆ ಈ ವಿದ್ಯೆ ಹೊಸತಲ್ಲ. ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯ ವಂಶದ ಜೈನ ಕವಿ ಕೀರ್ತಿವರ್ಮನು ಗೋವೈದ್ಯವನ್ನು ರಚಿಸಿದನು. 1400ರ ಸುಮಾರಿಗೆ ಅಭಿನವಚಂದ್ರನು ಅಶ್ವವೈದ್ಯವನ್ನು ಬರೆದನು. ಮೂಕಪ್ರಾಣಿಯ ರೋಗವನ್ನು ಅರಿಯುವುದು ಆ ಕಾಲದಲ್ಲಿ ಪಂಡಿತರಿಗೆ ತಕ್ಕ ಕಾರ್ಯವಾಗಿತ್ತು. ಮೂರನೆಯ ತೀರ್ಥಂಕರರಾದ ಸಂಭವನಾಥಸ್ವಾಮಿಯ ಲಾಂಛನವೇ ಅಶ್ವ. ಪೀಠದ ಮೇಲಿನ ಅಶ್ವಕ್ಕೆ ಅರ್ಘ್ಯವನ್ನೆತ್ತಿ, ಬಾಗಿಲಲ್ಲಿ ನಿಂತ ಅಶ್ವದ ಕಾಲನ್ನು ನೋಡದಿರುವುದು ಪೂಜೆಯ ಅರ್ಥವನ್ನೇ ಕಳೆದಂತೆ.

ಬಸದಿಗಳ ಟ್ರಸ್ಟುಗಳು ಮುಂದಿನ ಉತ್ಸವಕ್ಕೆ ಮೊದಲು ಒಂದು ಠರಾವನ್ನು ಅಂಗೀಕರಿಸುವುದು ಉಚಿತ. ಕುದುರೆ ಬೇಕೇ ಬೇಡವೇ ಎಂಬುದನ್ನು ಮೊದಲು ನಿರ್ಧರಿಸಲಿ. ಬೇಕೆಂದಾದರೆ ಮೂರು ದಿನ ಮುಂಚೆ ಪಶುವೈದ್ಯರಿಂದಲೂ, ಹೊರಡುವ ಮುನ್ನ ಟ್ರಸ್ಟಿನ ಸದಸ್ಯನೊಬ್ಬನಿಂದಲೂ ಅದರ ನಡಿಗೆಯ ಪರೀಕ್ಷೆ ನಡೆಯಲಿ. ಬಿಸಿಲೇರುವ ಮುನ್ನ ಮೆರವಣಿಗೆ ಮುಗಿಯಲಿ. ದಾರಿಯಲ್ಲಿ ನೀರಿನ ವ್ಯವಸ್ಥೆಯಿರಲಿ. ಸಿಹಿ ತಿನ್ನಿಸುವುದು ನಿಲ್ಲಲಿ. ಎಲ್ಲಕ್ಕಿಂತ ಮುಖ್ಯವಾಗಿ, ಕುದುರೆ ಕುಂಟುತ್ತಿದೆಯೆಂದು ಒಡೆಯನು ತಾನಾಗಿ ಹೇಳಿದರೆ ಅಥವಾ ಪರೀಕ್ಷೆಯಲ್ಲಿ ತಿಳಿದರೆ, ಅದನ್ನು ಮೆರವಣಿಗೆಯಿಂದ ಬಿಟ್ಟು, ಒಪ್ಪಿದ ಬಾಡಿಗೆಯನ್ನು ಪೂರ್ತಿಯಾಗಿ ಕೊಟ್ಟು, ವೈದ್ಯನ ಖರ್ಚನ್ನೂ ಟ್ರಸ್ಟೇ ಭರಿಸಲಿ. ಈ ಒಂದು ನಿಯಮದಿಂದ ಒಡೆಯನಿಗೆ ಸತ್ಯ ನುಡಿಯುವ ಧೈರ್ಯ ಬರುತ್ತದೆ; ಕುದುರೆಗೆ ವಿಶ್ರಾಂತಿ ದೊರೆಯುತ್ತದೆ.

ಲೆಕ್ಕಪತ್ರದಲ್ಲಿ ಈ ಮೊತ್ತವನ್ನು ಯಾವ ಬಾಬ್ತಿಗೆ ಬರೆಯಬೇಕೆಂದು ಖಜಾಂಚಿಗಳು ಕೇಳಬಹುದು. ಧರ್ಮಪ್ರಭಾವನೆ ಎಂದು ಬರೆಯಲಿ. ಕುದುರೆ ಇಲ್ಲದೆ ಹೊರಟ ಮೆರವಣಿಗೆಯನ್ನು ಕಂಡು ಊರಿನವರು ಕಾರಣ ಕೇಳಿದಾಗ, ಅದರ ಕಾಲು ನೋಯುತ್ತಿದ್ದುದರಿಂದ ಬಿಟ್ಟು ಬಂದೆವು ಎಂದು ಶ್ರಾವಕರು ಹೇಳುವ ಉತ್ತರವು ಯಾವ ಜರಿಯ ಹೊದಿಕೆಗಿಂತಲೂ ಹೆಚ್ಚಾಗಿ ಜಿನಧರ್ಮವನ್ನು ಬೆಳಗಿಸುತ್ತದೆ.