ಮೊದಲ ಗುಟುಕಿಗೆ ಮುನ್ನ

ಪಾರ್ಶ್ವವಾಯು ಬಡಿದವರ ಬಾಯಿ ಸೊಟ್ಟಗಾದದ್ದು, ಕೈಕಾಲು ಸೋತದ್ದು ಎಲ್ಲರಿಗೂ ಕಾಣುತ್ತದೆ. ಗಂಟಲು ಸೋತದ್ದು ಕಾಣುವುದಿಲ್ಲ. ಅಂಥವರಿಗೆ ಅಕ್ಕರೆಯಿಂದ ಕುಡಿಸಿದ ಗುಟುಕು ನೀರು ಶ್ವಾಸನಾಳಕ್ಕಿಳಿದು ನ್ಯುಮೋನಿಯಾ ತರಬಹುದು. ಕೆಲವರಿಗೆ ಕೆಮ್ಮು ಸಹ ಬಾರದು, ಅಪಾಯವಿರುವುದು ಅಲ್ಲಿಯೇ.

ನುಂಗುವಿಕೆಯ ತಜ್ಞರು ರಾತ್ರಿ ವೇಳೆ ದೊರೆಯುವುದು ದುರ್ಲಭ. ಹಾಸಿಗೆಯ ಬಳಿ ಸದಾ ಇರುವವರು ದಾದಿಯರು. ಆದುದರಿಂದ ಅವರಿಗೇ ಈ ಪ್ರಾಥಮಿಕ ಪರೀಕ್ಷೆಯನ್ನು ಕಲಿಸುವ ಪದ್ಧತಿ ಹಲವು ದೇಶಗಳಲ್ಲಿದೆ. ರೋಗಿಗೆ ಎಚ್ಚರವಿದೆಯೇ, ನೆಟ್ಟಗೆ ಕುಳಿತಿರಬಲ್ಲರೇ ಎಂದು ಮೊದಲು ನೋಡಿ, ಸ್ವಲ್ಪ ಸ್ವಲ್ಪವೇ ನೀರು ಕೊಟ್ಟು, ಕೆಮ್ಮು ಬಂದಿತೇ, ಧ್ವನಿ ಗೊರಗೊರವಾಯಿತೇ ಎಂದು ಗಮನಿಸಬೇಕು. ಸರಳವೆನಿಸಿದರೂ ಅಭ್ಯಾಸವಿಲ್ಲದೆ ಒಲಿಯುವ ವಿದ್ಯೆಯಲ್ಲ.

ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ಪ್ರಾಂತ್ಯದ 19 ಪಾರ್ಶ್ವವಾಯು ಘಟಕಗಳಲ್ಲಿ ಸ್ಯಾಂಡಿ ಮಿಡಲ್‌ಟನ್ ಅವರ ತಂಡ ನಡೆಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಜ್ವರ, ರಕ್ತದ ಸಕ್ಕರೆ, ನುಂಗುವಿಕೆ ಈ ಮೂರನ್ನೂ ತರಬೇತಾದ ದಾದಿಯರು ನೋಡಿಕೊಂಡ ಕಡೆ, 90 ದಿನಗಳಲ್ಲಿ ಮೃತರೂ ಪರಾವಲಂಬಿಗಳಾದವರೂ ಸೇರಿ ನೂರಕ್ಕೆ 42, ಉಳಿದೆಡೆ 58. ಮೂರೂ ಒಟ್ಟಿಗೆ ನಡೆದುದರಿಂದ ಶ್ರೇಯಸ್ಸೆಲ್ಲ ನುಂಗುವಿಕೆಯ ಪರೀಕ್ಷೆಯೊಂದಕ್ಕೇ ಸಲ್ಲದು, ನಿಜ.

ಮನೆಯವರು ಆಸ್ಪತ್ರೆಯಲ್ಲಿ ಈ ಪರೀಕ್ಷೆಯಾಯಿತೇ ಎಂದು ಕೇಳಬಹುದು. ಆಗುವವರೆಗೆ ನೀರಾಗಲಿ, ಹಾಲಾಗಲಿ, ಮಾತ್ರೆಯಾಗಲಿ ಬಾಯಿಗೆ ಹಾಕಲಾಗದು. ನುಂಗಲಾರದವರಿಗೆ ಮೂಗಿನ ನಳಿಕೆಯಿಂದ ಆಹಾರ ಕೊಡುತ್ತಾರೆ. ಅನೇಕರಿಗೆ ಕೆಲವು ವಾರಗಳಲ್ಲಿ ಅದರ ಅಗತ್ಯವೂ ತಪ್ಪುತ್ತದೆ.