ಅಡಿಕೆ ತೋಟದಲ್ಲಿ ಚಾಕೊಲೇಟ್
ಅಡಿಕೆ ಧಾರಣೆ ಕುಸಿದು ಬೆಳೆಗಾರ ಕಂಗೆಟ್ಟಿದ್ದ ಕಾಲದಲ್ಲಿ ವಾರಣಾಶಿ ಸುಬ್ರಾಯ ಭಟ್ಟರು ಕರ್ನಾಟಕ, ಕೇರಳ ಎರಡೂ ಕಡೆಯ ಕೃಷಿಕರನ್ನು ಒಗ್ಗೂಡಿಸಿದರು. 1973ರ ಜುಲೈ 11ರಂದು ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿತು. ಆ ಸಂಸ್ಥೆಯ ಎದೆಗಾರಿಕೆ ನನಗೆ ಎದ್ದು ಕಾಣುವುದು ಕೊಕ್ಕೋ ವಿಷಯದಲ್ಲಿ. ಅಡಿಕೆಯ ನೆರಳಿನಲ್ಲಿ ಕೊಕ್ಕೋ ನೆಡಿ ಎಂದು ಹುರಿದುಂಬಿಸಿದ್ದ ಖಾಸಗಿಯವರು ಬೆಲೆ ಬಿದ್ದಾಗ ಖರೀದಿಯಿಂದ ಹಿಂದೆ ಸರಿದರು. ಹಸಿ ಕೊಕ್ಕೋವನ್ನು ಅಡಿಕೆಯಂತೆ ಅಟ್ಟದಲ್ಲಿಟ್ಟು ಧಾರಣೆಗೆ ಕಾಯುವಂತಿಲ್ಲ. ಕಾಯಿ ಒಡೆದ ಕೂಡಲೇ ಬೀಜ ಹುದುಗಬೇಕು, ಒಣಗಬೇಕು, ಅದೂ ನಮ್ಮ ಜಡಿಮಳೆಯಲ್ಲಿ! ಎಷ್ಟೋ ಮಂದಿ ನೊಂದು ಗಿಡವನ್ನೇ ಕಡಿದರು. ಆಗ ಖರೀದಿಗೆ ಮುಂದೆ ಬಂದದ್ದು ಕ್ಯಾಂಪ್ಕೊ. 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಅದು ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ರಾಷ್ಟ್ರಪತಿ ಜೈಲ್ ಸಿಂಗ್ ಉದ್ಘಾಟಿಸಿದ ಆ ಕಾರ್ಖಾನೆಗೆ ಇಂದಿಗೂ ಬೆಳೆಗಾರರೇ ಒಡೆಯರು.